60 ಕೆಪಾಸಿಟರ್ ಹಾಕಿದರೂ ಬೋರ್ಡ್ ರೀಸೆಟ್ ಆಗುತ್ತಿತ್ತು

ಮೊದಲ ಸಲ ದೊಡ್ಡ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬಬಹುದಾದ ಚಿಪ್) ಇರುವ ಬೋರ್ಡ್ ಮಾಡಿದಾಗ ಪವರ್ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು. ಚಿಪ್‌ನ 1.0 ವೋಲ್ಟ್ ಕೋರ್ ರೈಲ್‌ಗೆ, ಅಂದರೆ ಅದರ ಒಳಭಾಗಕ್ಕೆ ಪವರ್ ಕೊಡುವ ಲೈನ್‌ಗೆ, 100 ನ್ಯಾನೊಫ್ಯಾರಡ್‌ನ 60 ಕೆಪಾಸಿಟರ್ ಸುರಿದಿದ್ದೆ. ಚಿಪ್ ದಿಢೀರ್ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯದಂತೆ ಹಿಡಿಯುವುದು ಇವುಗಳ ಕೆಲಸ. ಆ 1 ವೋಲ್ಟ್ ಕೊಡುವ ರೆಗ್ಯುಲೇಟರ್ ಪಕ್ಕ 22 ಮೈಕ್ರೊಫ್ಯಾರಡ್‌ನವು ನಾಲ್ಕು. ಇನ್ನೇನು ಬೇಕು, ಅಲ್ವಾ?

ಚಿಕ್ಕಪುಟ್ಟ ಟೆಸ್ಟ್ ಎಲ್ಲ ಪಾಸಾಯಿತು. ಪೂರ್ತಿ ಡಿಸೈನ್ ಲೋಡ್ ಮಾಡಿದ ದಿನ ಕಾಟ ಶುರು. ಒಮ್ಮೆ ಹತ್ತು ನಿಮಿಷಕ್ಕೇ ರೀಸೆಟ್, ಇನ್ನೊಮ್ಮೆ ಎರಡು ಗಂಟೆ ಏನೂ ಇಲ್ಲ. ಒಂದು ವಾರ ಸುಮ್ನೆ ಕೋಡ್ ಬರೆದವರ ತಲೆ ತಿಂದೆ. ಪಾಪ.

ಆಮೇಲೆ ಸ್ಕೋಪ್ (ವೋಲ್ಟೇಜ್‌ನ ಏರಿಳಿತ ತೋರಿಸುವ ಉಪಕರಣ) ಹಿಡಿದೆ. ರೈಲ್ ಮೇಲೆ 200 ಮಿಲಿವೋಲ್ಟ್ ಗಲಾಟೆ ಕಾಣಿಸಿತು, ಸಿಕ್ಕಿಬಿತ್ತು ಅಂದುಕೊಂಡೆ. ಪಕ್ಕದಲ್ಲಿದ್ದ ಸೀನಿಯರ್ ಒಬ್ಬರು, "ಆ ಪ್ರೋಬ್ ತುದೀನ ಅದರ ಗ್ರೌಂಡ್ ಕ್ಲಿಪ್‌ಗೇ ಮುಟ್ಟಿಸಿ ನೋಡ್ರೀ" ಅಂದರು. ಮುಟ್ಟಿಸಿದರೂ ಅದೇ ಗಲಾಟೆ! ಕ್ಲಿಪ್‌ನ ಉದ್ದ ವೈರ್ ಆ್ಯಂಟೆನಾ ತರ ಸುತ್ತಲಿನ ವಿದ್ಯುತ್ ಗದ್ದಲವನ್ನೆಲ್ಲ ಹಿಡಿಯುತ್ತಿತ್ತು. ಚಿಪ್ ಅಡಿಯ ಒಂದು ಕೆಪಾಸಿಟರ್ ಕಿತ್ತು, ಅದರ ಪ್ಯಾಡ್‌ಗೆ ತೆಳು ಕೋಆಕ್ಸ್ ಕೇಬಲ್ ಬೆಸುಗೆ ಹಾಕಿ ನೋಡಿದಾಗ ನಿಜವಾದ ವೋಲ್ಟೇಜ್ ಕುಸಿತ ಸಿಕ್ಕಿತು: ಸುಮಾರು 80 ಮಿಲಿವೋಲ್ಟ್.

ಮೊದಲೇ ಹಾಕಬೇಕಿದ್ದ ಲೆಕ್ಕವನ್ನು ಆಗ ಹಾಕಿದೆ. 1 ವೋಲ್ಟ್‌ನಲ್ಲಿ ನಾನು ಬಿಟ್ಟಿದ್ದ ಅಲುಗಾಟ ಶೇ. 3, ಅಂದರೆ 30 ಮಿಲಿವೋಲ್ಟ್. ಚಿಪ್ ಒಮ್ಮೆಲೇ ಎಳೆಯುವ ಕರೆಂಟ್ 3 ಆಂಪಿಯರ್. ಭಾಗಿಸಿದರೆ 10 ಮಿಲಿಓಮ್. ಚಿಪ್ ಇರುವ ಜಾಗದಿಂದ ನೋಡಿದರೆ ರೈಲ್‌ನ ಇಂಪೀಡೆನ್ಸ್ (ಏರಿಳಿಯುವ ಕರೆಂಟಿಗೆ ಒಡ್ಡುವ ತಡೆ) ಇದಕ್ಕಿಂತ ಕೆಳಗಿರಬೇಕು, ಅದೂ ಒಂದೇ ಫ್ರೀಕ್ವೆನ್ಸಿಯಲ್ಲಿ ಅಲ್ಲ, ಸೊನ್ನೆಯಿಂದ ಹತ್ತಾರು ಮೆಗಾಹರ್ಟ್ಸ್‌ವರೆಗೆ. (ಸುಮಾರು 100 ಮೆಗಾಹರ್ಟ್ಸ್ ದಾಟಿದ ಮೇಲೆ ಬೋರ್ಡಿನ ಕೆಪಾಸಿಟರ್ ಹೆಚ್ಚೇನೂ ಮಾಡಲಾರದು. ಅದು ಪ್ಯಾಕೇಜ್ ಮತ್ತು ಚಿಪ್ ಒಳಗಿನ ಕೆಪಾಸಿಟರ್‌ಗಳ ಪಾಲು.)

ಎಫ್‌ಪಿಜಿಎ ಒಳಗಿನ ಫ್ಲಿಪ್‌ಫ್ಲಾಪ್‌ಗಳನ್ನು (ಒಂದೊಂದು ಬಿಟ್ ಹಿಡಿದಿಡುವ ಪುಟ್ಟ ಸರ್ಕ್ಯೂಟ್‌ಗಳು) ಗುಂಪಾಗಿ ಆನ್-ಆಫ್ ಮಾಡುವ ಒಂದು ಚಿಕ್ಕ ಡಿಸೈನ್ ಬರೆದು, ಆ ವೇಗವನ್ನು 100 ಕಿಲೋಹರ್ಟ್ಸ್‌ನಿಂದ ಏರಿಸುತ್ತಾ ಹೋದೆ. 3 ಮೆಗಾಹರ್ಟ್ಸ್ ಹತ್ತಿರ ಬಂದಾಗ ರೈಲ್ ಕುಣಿಯತೊಡಗಿತು. ಕಾರಣ ಸರಳ, ನನಗೆ ತಡವಾಗಿ ಹೊಳೆಯಿತು ಅಷ್ಟೇ. ದೊಡ್ಡ ಕೆಪಾಸಿಟರ್‌ಗಳು 6 ಸೆಂ.ಮೀ. ದೂರ ಇದ್ದವು. ಅವುಗಳದ್ದೂ ಆ ದಾರಿಯದ್ದೂ ಸೇರಿ ಅರ್ಧ ನ್ಯಾನೊಹೆನ್ರಿ ಇಂಡಕ್ಟೆನ್ಸ್ (ಕರೆಂಟಿನ ದಿಢೀರ್ ಬದಲಾವಣೆಯನ್ನು ತಡೆಯುವ ಗುಣ). ಚಿಕ್ಕವು 60 ಸೇರಿ 6 ಮೈಕ್ರೊಫ್ಯಾರಡ್. ಇವೆರಡೂ ಉಯ್ಯಾಲೆ ತರ ತೂಗುವುದು ಸರಿಸುಮಾರು 3 ಮೆಗಾಹರ್ಟ್ಸ್‌ನಲ್ಲೇ. ಸೆರಾಮಿಕ್ ಕೆಪಾಸಿಟರ್‌ಗೆ ಒಳಗಿನ ರೆಸಿಸ್ಟೆನ್ಸ್ ತೀರಾ ಕಡಿಮೆ, ಹಾಗಾಗಿ ಆ ಉಯ್ಯಾಲೆಯನ್ನು ಹಿಡಿದು ನಿಲ್ಲಿಸುವವರೇ ಇಲ್ಲ. ಇನ್ನೂ 40 ಹಾಕಿದ್ದರೂ ಉಯ್ಯಾಲೆ ನಿಲ್ಲುತ್ತಿರಲಿಲ್ಲ, ಫ್ರೀಕ್ವೆನ್ಸಿ ಸ್ವಲ್ಪ ಕೆಳಗಿಳಿಯುತ್ತಿತ್ತು.

ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ 330 ಮೈಕ್ರೊಫ್ಯಾರಡ್‌ನ ಪಾಲಿಮರ್ ಕೆಪಾಸಿಟರ್ ತಂದೆ. ಇದಕ್ಕೆ ಸ್ವಂತದ್ದೊಂದಿಷ್ಟು ರೆಸಿಸ್ಟೆನ್ಸ್ ಇದೆ, ಇಲ್ಲಿ ಬೇಕಿದ್ದದ್ದೂ ಅದೇ. ಬೋರ್ಡಿನ ಹಿಂದೆ ತಾಮ್ರದ ಪಟ್ಟಿ ಇಟ್ಟು ಚಿಪ್‌ಗೆ ಆದಷ್ಟು ಹತ್ತಿರ ಅಂಟಿಸಿದೆ. ನೋಡಲು ಅಸಹ್ಯ. ಆದರೆ ಕುಸಿತ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ರೀಸೆಟ್ ನಿಂತಿತು.

ಎರಡನೇ ಆವೃತ್ತಿಯಲ್ಲಿ ಆ 60ನ್ನೂ ತೆಗೆದೆ. ಬದಲಿಗೆ 4.7 ಮೈಕ್ರೊಫ್ಯಾರಡ್‌ನ 24, ಎಲ್ಲವೂ ಚಿಪ್‌ನ ಬೆನ್ನಿಗೇ, ವಯಾಗಳು (ಬೋರ್ಡಿನ ಪದರಗಳನ್ನು ಜೋಡಿಸುವ ತಾಮ್ರ ಲೇಪಿತ ತೂತುಗಳು) ಪ್ಯಾಡ್‌ಗೆ ಅಂಟಿಕೊಂಡಂತೆ. ಮೊದಲ ಬೋರ್ಡಿನಲ್ಲಿ ಪ್ಯಾಡ್‌ನಿಂದ ವಯಾಗೆ 3 ಮಿ.ಮೀ. ತೆಳು ಟ್ರ್ಯಾಕ್ ಎಳೆದಿದ್ದೆ. ಅಂಥ ಟ್ರ್ಯಾಕ್ ಒಂದು ಮಿ.ಮೀ.ಗೆ ಅರ್ಧದಿಂದ ಒಂದು ನ್ಯಾನೊಹೆನ್ರಿ ಸೇರಿಸುತ್ತದೆ, ಕೆಪಾಸಿಟರ್‌ಗಿಂತ ಟ್ರ್ಯಾಕ್‌ನದ್ದೇ ಜಾಸ್ತಿ! ಎರಡು ಪಾಲಿಮರ್ ಹಾಕಿ, ರೆಗ್ಯುಲೇಟರನ್ನೂ ಹತ್ತಿರ ತಂದೆ. ಕುಸಿತ 22 ಮಿಲಿವೋಲ್ಟ್‌ಗೆ ಬಂತು. 5 ವೋಲ್ಟ್ ಇನ್‌ಪುಟ್ ಕಡೆಯೂ ಒಂದು ತಪ್ಪು ಸಿಕ್ಕಿತು: 6.3 ವೋಲ್ಟ್‌ನ ಪುಟ್ಟ 22 ಮೈಕ್ರೊಫ್ಯಾರಡ್ ಸೆರಾಮಿಕ್ ಹಾಕಿದ್ದೆ, 5 ವೋಲ್ಟ್ ಬಿದ್ದ ಮೇಲೆ ಅದರ ಕೆಪಾಸಿಟೆನ್ಸ್‌ನಲ್ಲಿ ಅರ್ಧವೂ ಉಳಿದಿರಲಿಲ್ಲ. ತಯಾರಕರ ಗ್ರಾಫ್‌ನಲ್ಲೇ ಇತ್ತು, ನಾನು ನೋಡಿರಲಿಲ್ಲ.

ಈಗ ಪ್ರತಿ ಬೋರ್ಡಿನಲ್ಲೂ ಚಿಪ್ ಅಡಿಯಲ್ಲಿ ಕೋಆಕ್ಸ್ ಬೆಸುಗೆಗೆ ಎರಡು ಖಾಲಿ ಪ್ಯಾಡ್ ಬಿಡುತ್ತೇನೆ. ಲೇಔಟ್ ಮಾಡುವ ಹುಡುಗ ಪ್ರತಿ ಸಲ ಕೇಳುತ್ತಾನೆ, "ಸರ್, ಇದು ಎಲ್ಲಿಗೂ ಹೋಗ್ತಿಲ್ಲ, ತೆಗೀಲಾ?"