ಐಸ್ ಫ್ಲಾಸ್ಕಿನಲ್ಲಿ ಬಂದ ಸೂಜಿ: ನನ್ನ ಅನುಭವ

ನಾನು ಸಿಂಧನೂರು ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೆ ಓಡಿ ಓಡಿ ಓಟಗಾರನಾದೆ. 5,000 ಮೀಟರ್ ನನ್ನ ಓಟ, ಅಂದ್ರೆ ಟ್ರ್ಯಾಕಿನಲ್ಲಿ ಹನ್ನೆರಡೂವರೆ ಸುತ್ತು. ಡೋಪಿಂಗ್, ಅಂದ್ರೆ ನಿಷೇಧಿತ ಔಷಧಿ ತಗೊಂಡು ಓಡೋದು, ಎಲ್ಲೋ ದೂರದ, ದೊಡ್ಡ ದುಡ್ಡಿನವರ ಮಾತು ಅಂದುಕೊಂಡಿದ್ದೆ. ಅದು ನನ್ನ ಹತ್ತಿರ ಬಂದದ್ದು ರಾಯಚೂರಿನ ಬಾಡಿಗೆ ರೂಮಿಗೆ, ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನ ಕೈಯಲ್ಲಿ.

ಆ ವರ್ಷ ನನ್ನ ಟೈಮಿಂಗ್ 15 ನಿಮಿಷ 40 ಸೆಕೆಂಡಿಗೆ ನಿಂತುಬಿಟ್ಟಿತ್ತು. ಎಷ್ಟು ಓಡಿದರೂ ಕೊನೆಯ ಮೂರು ಸುತ್ತಿಗೆ ಕಾಲು ಕಲ್ಲಾಗುತ್ತಿತ್ತು. ಮನೆಯಲ್ಲಿ ಎರಡು ಎಕರೆ ಭತ್ತ, ಅಕ್ಕನ ಮದುವೆಯ ಸಾಲ. ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ ಸಿಗಬೇಕಂದ್ರೆ ನ್ಯಾಷನಲ್ಸ್‌ನಲ್ಲಿ ಏನಾದರೂ ಮಾಡಬೇಕು. ಅಪ್ಪ ಫೋನ್ ಮಾಡಿದರೆ ಎಷ್ಟನೇ ನಂಬರ್ ಬಂದೆ ಅಂತ ಕೇಳುತ್ತಿರಲಿಲ್ಲ, "ನೌಕರಿದು ಏನಾತಪಾ?" ಅನ್ನುತ್ತಿದ್ದರು. ಪದಕದ ಆಸೆಯಿಂದ ಹುಡುಗರು ಕೆಡುತ್ತಾರೆ ಅಂತ ಬರೆಯುವವರಿಗೆ ಈ ಫೋನಿನ ಭಾರ ಗೊತ್ತಿರಲಿಕ್ಕಿಲ್ಲ.

ಒಂದು ರಾತ್ರಿ ಸೀನಿಯರ್ ಅಣ್ಣ ಐಸ್ ತುಂಬಿದ ಫ್ಲಾಸ್ಕ್ ತಂದ. ಒಳಗೆ ಸಣ್ಣ ಸಿರಿಂಜ್. "ಕಿಡ್ನಿ ಪೇಷಂಟಿಗೆ ಕೊಡೋದು ತಮ್ಮಾ, ವಿಷ ಅಲ್ಲ. ರಕ್ತ ಜಾಸ್ತಿ ಆಗ್ತದ, ಅಷ್ಟ."

ಅವನು ಹೇಳಿದ್ದು ಸುಳ್ಳಲ್ಲ. ಅದು ಇಪಿಒ, ಅಂದ್ರೆ ಎರಿಥ್ರೋಪೊಯೆಟಿನ್ ಅನ್ನೋ ಹಾರ್ಮೋನ್. ನಮ್ಮ ಕಿಡ್ನಿಯೇ ಇದನ್ನು ತಯಾರಿಸಿ, ಮೂಳೆಯ ಮಜ್ಜೆಗೆ ಕೆಂಪು ರಕ್ತಕಣ ಮಾಡು ಅಂತ ಹೇಳಿ ಕಳಿಸುತ್ತದೆ. ಕಿಡ್ನಿ ಕೆಟ್ಟವರಲ್ಲಿ ಅದು ಸಾಲದೆ ರಕ್ತ ಕಡಿಮೆಯಾಗುತ್ತದೆ, ಅದಕ್ಕೇ ಸೂಜಿ. ಓಟಗಾರ ತಗೊಂಡರೆ ಸ್ನಾಯುಗಳಿಗೆ ಆಮ್ಲಜನಕ ಜಾಸ್ತಿ ಸಿಗುತ್ತದೆ. ಆದರೆ ರಕ್ತ ಗಟ್ಟಿಯಾಗುತ್ತದೆ, ಹೃದಯಕ್ಕೂ ಮೆದುಳಿಗೂ ಅಪಾಯ. 42 ಡಿಗ್ರಿ ಬಿಸಿಲಿನಲ್ಲಿ ಬೆವರಿ ನೀರು ಹೋದ ಮೈಯಲ್ಲಿ ಅಂಥ ರಕ್ತ ಏನಾಗಬಹುದು, ನೀವೇ ಯೋಚಿಸಿ.

ಆ ರಾತ್ರಿ ನನಗೆ ಇದೆಲ್ಲ ಗೊತ್ತಿರಲಿಲ್ಲ. "ಬೆಳಿಗ್ಗೆ ಹೇಳ್ತೀನಿ ಅಣ್ಣಾ" ಅಂದೆ. ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 10.9! ಗಂಡಸರಿಗೆ 13 ಆದರೂ ಇರಬೇಕು. ನನ್ನ ಕಾಲು ಕಲ್ಲಾಗಲು ಕಾರಣ ಅಲ್ಲಿತ್ತು. ನಾನು ಎರಡು ವರ್ಷ ಕಡಿಮೆ ರಕ್ತದಲ್ಲೇ ಓಡಿದ್ದೆ, ಯಾರೂ ಒಂದು ಸಲ ಪರೀಕ್ಷೆ ಮಾಡಿಸು ಅಂದಿರಲಿಲ್ಲ.

ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದರು. ಅದಕ್ಕೆ ನಿಷೇಧ ಇಲ್ಲ. ಬರೀ ಹೊಟ್ಟೆಯಲ್ಲಿ ನಿಂಬೆ ನೀರಿನ ಜೊತೆ ನುಂಗುತ್ತಿದ್ದೆ. ಊಟದ ಜೊತೆ ಚಹಾ ಕುಡಿಯೋದು ಬಿಟ್ಟೆ, ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡೋದಿಲ್ಲ. ನಮ್ಮ ಕಡೆ ಇದು ದೊಡ್ಡ ತ್ಯಾಗ, ನಿಜವಾಗಿ ಹೇಳ್ತೀನಿ. ರೊಟ್ಟಿ, ಪುಂಡಿ ಪಲ್ಯ, ಭಾನುವಾರ ಲಿವರ್. ವಾರಕ್ಕೆ ಎರಡು ದಿನ ಬರೀ ನಿಧಾನದ ಓಟ. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 13.4, ಓಟ 15 ನಿಮಿಷ 18 ಸೆಕೆಂಡ್. ನ್ಯಾಷನಲ್ಸ್‌ಗೆ ಅದು ಸಾಲಲಿಲ್ಲ. ಕೋಟಾದ ನೌಕರಿ ನನಗೆ ಸಿಗಲೇ ಇಲ್ಲ.

ಆ ಅಣ್ಣ ಮುಂದೆ ಸಿಕ್ಕಿಬಿದ್ದ. ನಾಲ್ಕು ವರ್ಷ ನಿಷೇಧ. ಅವನ ಹೆಸರು ಎಲ್ಲರ ಬಾಯಲ್ಲೂ ಬಂತು, ಅವನಿಗೆ ಆ ಫ್ಲಾಸ್ಕ್ ಕೊಟ್ಟವನ ಹೆಸರು ಎಲ್ಲೂ ಬರಲಿಲ್ಲ. ಇದು ನನಗೆ ಇವತ್ತಿಗೂ ಉರಿಯುತ್ತದೆ. 2023ರಲ್ಲಿ ನಮ್ಮ ದೇಶದಲ್ಲಿ 5,606 ಸ್ಯಾಂಪಲ್ ಪರೀಕ್ಷೆ ಮಾಡಿದಾಗ 214 ಪಾಸಿಟಿವ್ ಬಂದವು. ಆ 214ರ ಹಿಂದೆ ಎಷ್ಟು ಫ್ಲಾಸ್ಕ್ ಇದ್ದವು ಅಂತ ಯಾರು ಎಣಿಸಿದರು?

ಈಗ ನಾನು ಕಾಲುವೆ ಏರಿ ಮೇಲೆ ಹುಡುಗರನ್ನು ಓಡಿಸುತ್ತೇನೆ. ಹೆಚ್ಚಿನವರು ಪೊಲೀಸ್ ಕಾನ್‌ಸ್ಟೇಬಲ್ ಆಗಲು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕಾದವರು, ನಾಲ್ಕೈದು ಜನ ಮಾತ್ರ ಟ್ರ್ಯಾಕಿನವರು. ಈ ನಾಲ್ಕೈದು ಜನರ ಬಗ್ಗೆ ನನಗೆ ಇಪಿಒಗಿಂತ ಜಾಸ್ತಿ ಹೆದರಿಕೆ ಇರೋದು ಸಲೈನ್ ಬಾಟಲಿಯದು. ಸುಸ್ತಾದರೆ ಹೋಗಿ ಬಾಟಲಿ ಹಾಕಿಸಿಕೊಂಡು ಬರೋದು ನಮ್ಮ ಕಡೆ ಮಾಮೂಲಿ, ಅಲ್ವಾ? ಆಸ್ಪತ್ರೆಯ ಚಿಕಿತ್ಸೆಯ ಭಾಗವಲ್ಲದೆ, 12 ಗಂಟೆಯಲ್ಲಿ 100 ಮಿಲಿಲೀಟರ್‌ಗಿಂತ ಹೆಚ್ಚು ನರಕ್ಕೆ ಹಾಕಿಸಿಕೊಂಡರೆ ಕ್ರೀಡಾಪಟುವಿಗೆ ಅದು ಡೋಪಿಂಗ್. ಒಳಗೆ ಬರೀ ಉಪ್ಪುನೀರಿದ್ದರೂ ಸರಿ. ಮೈಕೈ ನೋವಿಗೆ ಹಾಕುವ ಸ್ಟೆರಾಯ್ಡ್ ಸೂಜಿ 2022ರಿಂದ ಸ್ಪರ್ಧೆಯ ವೇಳೆ ನಿಷೇಧ. ಕೆಲವು ಕೆಮ್ಮಿನ ಸಿರಪ್‌ನಲ್ಲಿರುವ ಟರ್ಬುಟಲಿನ್ ಯಾವಾಗಲೂ ನಿಷೇಧ. ಗೊತ್ತಿರಲಿಲ್ಲ ಅಂದರೆ ನಡೆಯೋದಿಲ್ಲ, ಮೈಯಲ್ಲಿ ಸಿಕ್ಕಿದ್ದಕ್ಕೆ ಓಡಿದವನೇ ಹೊಣೆ.

ಅದಕ್ಕೇ ಪ್ರತಿ ಹುಡುಗನ ಹತ್ತಿರ ಒಂದು ಸಣ್ಣ ನೋಟ್‌ಬುಕ್ ಇಡಿಸಿದ್ದೇನೆ. ತಾರೀಕು, ಔಷಧಿಯ ಹೆಸರು, ಕೊಟ್ಟವರು ಯಾರು, ಬಿಲ್ಲು ಅಂಟಿಸಬೇಕು. ಹೆಸರು ಹೇಳದ ಸೂಜಿ ಬೇಡ. ಡೋಪ್ ಟೆಸ್ಟಿನ ಫಾರ್ಮಿನಲ್ಲಿ ಹಿಂದಿನ ಏಳು ದಿನ ಏನು ತಗೊಂಡಿರಿ ಅಂತ ಕೇಳುತ್ತಾರೆ, ಆಗ ತಲೆ ಕೆರೆದುಕೊಂಡು ನಿಲ್ಲಬಾರದು.

ಹೋದ ತಿಂಗಳು ಒಬ್ಬ ಫೋನ್ ಮಾಡಿದ. "ಅಣ್ಣಾ, ಸುಸ್ತ್ ಭಾಳ ಆಗೇದ, ಬಾಟಲಿ ಹಾಕ್ತೀವಿ ಅನ್ನಾಕತ್ತಾರ, ಏನ್ ಮಾಡ್ಲಿ?" ಫೋನನ್ನು ಡಾಕ್ಟರಿಗೆ ಕೊಡು ಅಂದೆ. ಕುಡಿಯಲು ಆಗ್ತಿದೆಯಾ ಅಂತ ಕೇಳಿದೆ, ಆಗ್ತಿದೆ ಅಂದರು. ಓಆರ್‌ಎಸ್ ಕುಡಿಸಿ ಕಳಿಸಿದರು. ಅವನು ಮನೆ ಮುಟ್ಟಿದ ಮೇಲೆ ನೋಟ್‌ಬುಕ್ಕಿನ ಫೋಟೋ ಕಳಿಸಿದ: ತಾರೀಕು, ಓಆರ್‌ಎಸ್ ಎರಡು ಪಾಕೀಟು, ಕೆಳಗೆ ಅಂಟಿಸಿದ ಬಿಲ್ಲು.