ಕ್ರೇಜಿ ಕ್ವಿಲ್ಟ್ ಕಲಿಯೋದಕ್ಕೆ ಒಂದೇ ವಿಡಿಯೋ ಸಾಕು

ಕ್ರೇಜಿ ಕ್ವಿಲ್ಟ್, ಅಂದರೆ ಆಕಾರ ಅಳತೆ ಒಂದಕ್ಕೊಂದು ಹೊಂದದ ಬಟ್ಟೆ ಚೂರುಗಳನ್ನು ಜೋಡಿಸಿ ಮೇಲೆ ಕಸೂತಿ ಹಾಕುವ ಕೌದಿ, ಕಲಿಯಬೇಕು ಅಂತ ಕೂತವರು 20 ವಿಡಿಯೋ ನೋಡುತ್ತಾರೆ, ಸೂಜಿಗೆ ದಾರ ಮಾತ್ರ ಪೋಣಿಸುವುದಿಲ್ಲ. ನಾನೂ ಹಾಗೇ ಒಂದು ತಿಂಗಳು ಕಳೆದವಳು. ಒಬ್ಬರು ಮಧ್ಯದಿಂದ ಶುರು ಮಾಡಿ ಅನ್ನುತ್ತಾರೆ, ಇನ್ನೊಬ್ಬರು ಮೂಲೆಯಿಂದ, ಮತ್ತೊಬ್ಬರು ಅಂಚು ಮಡಚಿ ಕೈಯಲ್ಲೇ ಹೊಲಿಯಿರಿ ಅನ್ನುತ್ತಾರೆ. ಮೂರೂ ಸರಿಯೇ. ಬೆರೆಸಿದರೆ ಮಾತ್ರ ತಲೆ ಕೆಡುತ್ತದೆ. ಒಬ್ಬರನ್ನೇ ಹಿಡಿದುಕೊಳ್ಳಿ, ಒಂದು ಚೌಕ ಮುಗಿಯುವ ತನಕ ಬೇರೆ ಕಡೆ ತಿರುಗಬೇಡಿ.

ಮಧ್ಯದಿಂದ ಹೋಗುವುದು ಹೊಸಬರಿಗೆ ಸುಲಭ. ಎಲ್ಲ ತುಂಡುಗಳ ಅಡಿಯಲ್ಲಿ, ಒಗೆದು ಇಸ್ತ್ರಿ ಮಾಡಿದ ತೆಳು ಹತ್ತಿ ಬಟ್ಟೆ ಇರಲಿ. 8 ಇಂಚಿನ ಚೌಕ ಬೇಕಾದರೆ ಅದನ್ನು 10 ಇಂಚಿಗೆ ಕತ್ತರಿಸಿ, ಯಾಕೆಂದರೆ ಕಸೂತಿ ಹಾಕುತ್ತಾ ಹೋದಂತೆ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ನಡುವೆ ಐದು ಮೂಲೆಯ ಒಂದು ತುಂಡು ಇಡಿ. ಎರಡನೆಯದನ್ನು ಅದರ ಮೇಲೆ ಮಗುಚಿ, ಮುಖಕ್ಕೆ ಮುಖ ತಾಗುವಂತೆ ಇಟ್ಟು, ಅಂಚಿನಿಂದ ಕಾಲು ಇಂಚು ಒಳಗೆ ಅಡಿಬಟ್ಟೆಯೂ ಸೇರುವಂತೆ ಹೊಲಿಯಿರಿ. ಆಮೇಲೆ ಪುಸ್ತಕದ ಹಾಳೆ ತಿರುಗಿಸಿದ ಹಾಗೆ ಅದನ್ನು ಹೊರಕ್ಕೆ ತೆರೆದು ಇಸ್ತ್ರಿ ಒತ್ತಿ. ಮುಂದಿನ ತುಂಡು ಈ ಎರಡರ ಅಂಚನ್ನೂ ಮುಚ್ಚುವಷ್ಟು ಉದ್ದ ಇರಬೇಕು, ಹೀಗೇ ಸುತ್ತು ಹಾಕುತ್ತಾ ಹೋಗುವುದು. ಎಲ್ಲರೂ ಎಡವುವುದು ಇಲ್ಲೇ. ನನ್ನ ಮೊದಲ ಚೌಕದಲ್ಲಿ ಒಂದು ತುಂಡು ಅರ್ಧ ಇಂಚು ಗಿಡ್ಡವಾಗಿ ಅಡಿಬಟ್ಟೆ ಇಣುಕುತ್ತಿತ್ತು, ಬಿಚ್ಚುವಷ್ಟು ತಾಳ್ಮೆ ಇರಲಿಲ್ಲ, ಮೇಲೊಂದು ಲೇಸ್ ಚೂರು ಕೂರಿಸಿ ಮುಚ್ಚಿದೆ. ನೋಡಿದವರೆಲ್ಲ ಆ ಲೇಸನ್ನೇ ಹೊಗಳಿದರು, ಏನು ಹೇಳೋದು!

ಇಸ್ತ್ರಿ ಬಗ್ಗೆ ಒಂದು ಮಾತು. ವೆಲ್ವೆಟ್ಟನ್ನು ಮುಖ ಕೆಳಗೆ ಮಾಡಿ ದಪ್ಪ ಟವೆಲ್ ಮೇಲಿಟ್ಟು ಹಗುರವಾಗಿ ಒತ್ತಿ, ಇಲ್ಲದಿದ್ದರೆ ಅದರ ಎಳೆ ಮಲಗಿಬಿಡುತ್ತದೆ. ನೈಲಾನ್ ಲೇಸ್ ಬಿಸಿಗೆ ಕರಗುತ್ತದೆ.

ಅಮೆರಿಕದವರಿಗೆ 1880ರ ದಶಕದಲ್ಲಿ ನಿಜವಾಗಿಯೂ ಈ ಕಲೆಯ ಹುಚ್ಚು ಹಿಡಿದಿತ್ತು. 1876ರಲ್ಲಿ ಫಿಲಡೆಲ್ಫಿಯಾದ ವಸ್ತುಪ್ರದರ್ಶನದಲ್ಲಿ ಜನ ಕಂಡ ಜಪಾನಿ ವಸ್ತುಗಳ ಪ್ರಭಾವವೂ ಅದರಲ್ಲಿ ಇತ್ತು ಅನ್ನುತ್ತಾರೆ. ಆಗಿನ ಕ್ವಿಲ್ಟುಗಳಲ್ಲಿ ಎಷ್ಟೋ ರೇಷ್ಮೆ ತುಂಡುಗಳು ಇವತ್ತು ಪುಡಿಪುಡಿ. ತೂಕ ಬರಲಿ ಅಂತ ರೇಷ್ಮೆಗೆ ಲೋಹದ ಲವಣ ಹಾಕುತ್ತಿದ್ದರು, ಅದೇ ಎಳೆಯನ್ನು ತಿಂದುಹಾಕಿದೆ. ಆದ್ದರಿಂದ ಪೆಟ್ಟಿಗೆ ತಳದ ಹಳೆ ರೇಷ್ಮೆ ಸಿಕ್ಕರೆ ಮೊದಲು ಅಂಚು ಹಿಡಿದು ಎಳೆದು ನೋಡಿ. ಚರ್ ಅಂದರೆ ಬೇಡ.

ಇನ್ನು ತುಂಡುಗಳು ಕೂಡುವ ಗೆರೆಯ ಮೇಲೆ ಹಾಕುವ ಕಸೂತಿ. ವಿಡಿಯೋಗಿಂತ ಇಲ್ಲಿ ಪುಸ್ತಕದ ಚಿತ್ರವೇ ನನಗೆ ಜಾಸ್ತಿ ಇಷ್ಟ, ಎ, ಬಿ, ಸಿ ಅಂತ ಗುರುತು ಹಾಕಿರುತ್ತಾರೆ ನೋಡಿ. ಫೆದರ್ ಸ್ಟಿಚ್ ತಗೊಳ್ಳಿ, ಗರಿಯ ಹಾಗೆ ಎಡಕ್ಕೂ ಬಲಕ್ಕೂ ಕವಲೊಡೆಯುವ ಹೊಲಿಗೆ. ಎ ಅಲ್ಲಿ ಸೂಜಿ ಮೇಲೆ ಬರುತ್ತದೆ, ಅದೇ ಮಟ್ಟದಲ್ಲಿ ಸ್ವಲ್ಪ ಬಲಕ್ಕೆ ಬಿ ಅಲ್ಲಿ ಒಳಹೋಗುತ್ತದೆ, ಎರಡರ ನಡುವೆ ಕೆಳಗೆ ಸಿ ಅಲ್ಲಿ ಹೊರಬರುತ್ತದೆ. ಆಗ ದಾರ ಸೂಜಿಯ ಅಡಿಯಲ್ಲೇ ಇರಬೇಕು, ಮೇಲೆ ಹೋದರೆ ಕುಣಿಕೆ ಸಿಗುವುದಿಲ್ಲ. ಮುಂದಿನದು ಎಡಕ್ಕೆ, ಮತ್ತೆ ಬಲಕ್ಕೆ. ಎಡಗೈಯವರಾದರೆ ಚಿತ್ರವನ್ನು ಕನ್ನಡಿಗೆ ಹಿಡಿದು ನೋಡಿ, ಅರ್ಧ ಗೊಂದಲ ತೀರುತ್ತದೆ. ಸಮ ಅಂತರ ಬರುವುದಿಲ್ಲ ಅಂತ ಕೊರಗಬೇಡಿ, ನೀರು ತಾಗಿದರೆ ಗುರುತು ಅಳಿದುಹೋಗುವ ಪೆನ್ನಿನಲ್ಲಿ ಚುಕ್ಕಿ ಇಟ್ಟುಕೊಂಡರಾಯಿತು. ಪೆನ್ನನ್ನು ಮೊದಲು ಚೂರು ಬಟ್ಟೆ ಮೇಲೆ ಪರೀಕ್ಷೆ ಮಾಡಿ, ಗುರುತು ಅಳಿಸುವ ಮುಂಚೆ ಇಸ್ತ್ರಿ ಮುಟ್ಟಿಸಬೇಡಿ, ಕೆಲವು ಶಾಯಿ ಬಿಸಿಗೆ ಅಲ್ಲೇ ಕೂತುಬಿಡುತ್ತವೆ.

ಆರೆಳೆ ದಾರದಲ್ಲಿ ಎರಡೋ ಮೂರೋ ಎಳೆ ಬಿಡಿಸಿಕೊಂಡು, ಮೊಣಕೈಯಿಂದ ಬೆರಳ ತುದಿಯಷ್ಟೇ ಉದ್ದ ಕತ್ತರಿಸಿ. ಅದಕ್ಕಿಂತ ಉದ್ದ ತಗೊಂಡರೆ ಗಂಟು ಬಿಡಿಸೋದೇ ಕೆಲಸ.

ಮಣಿ, ಗುಂಡಿ ಎಲ್ಲ ಕಟ್ಟಕಡೆಗೆ. ಆಸೆಗೆ ಬಿದ್ದು ಮೊದಲೇ ಹೊಲಿದರೆ ಪ್ರತಿ ಹೊಲಿಗೆಯ ದಾರವೂ ಅದಕ್ಕೇ ಸುತ್ತಿಕೊಳ್ಳುತ್ತದೆ, ಆಮೇಲೆ ಇಸ್ತ್ರಿ ಮಾಡೋಕೂ ಆಗೋದಿಲ್ಲ.