ಬೆನ್ನು ನೆಲಕ್ಕೆ ತಾಗಿದ ಮೇಲೆ

ಗರಡಿಯಲ್ಲಿ ಉಸ್ತಾದರು ದಿನಾ ಹೇಳುತ್ತಿದ್ದದ್ದು ಒಂದೇ: "ಏನಾದ್ರೂ ಆಗ್ಲಿ, ಅಂಗಾತ ಬೀಳ್ಬೇಡ. ಬಿದ್ದೆ ಅನ್ನಿಸಿದ್ರೆ ಬೋರಲು ತಿರುಗ್ಬಿಡು." ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿತೋ, ಸೋತಂತೆ. ಹಾಸನದ ಪಕ್ಕದ ನಮ್ಮೂರ ಮಟ್ಟಿಯಲ್ಲಿ, ಅಂದ್ರೆ ಕುಸ್ತಿಯ ಮಣ್ಣಿನ ಅಖಾಡದಲ್ಲಿ, ಆರು ವರ್ಷ ಅದನ್ನೇ ಮಾಡಿದ್ದೆ. ಆ ಅಭ್ಯಾಸ ಬಿಡಲು ಎಂಟು ತಿಂಗಳು ಹಿಡಿಯಿತು.

ಹಾಸನದ ಬಿ.ಎಂ. ರಸ್ತೆಯಲ್ಲಿ ಒಂದು ಅಂಗಡಿಯ ಮಹಡಿ ಮೇಲೆ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಮಿಶ್ರ ಕಾಳಗ) ಕಲಿಸುತ್ತಾರೆ ಎಂದು ಗೆಳೆಯ ಕರೆದುಕೊಂಡು ಹೋದ. ಮಳೆಗಾಲ, ಮ್ಯಾಟ್ ತುಂಬಾ ಮುಗ್ಗಲು ವಾಸನೆ. ಎದುರು ನಿಂತವನು ಕಾಲೇಜು ಹುಡುಗ, ನನಗಿಂತ ಹತ್ತು ಕೆಜಿ ಕಡಿಮೆ. ಎರಡೂ ಕಾಲು ಹಿಡಿದು ಎತ್ತಿ ಹಾಕಿದೆ. ಗೆದ್ದೆ ಎಂದುಕೊಂಡು ಸುಮ್ನೆ ಸರ್ ಮುಖ ನೋಡುತ್ತಿದ್ದೆ. ಅಷ್ಟರಲ್ಲಿ ಆ ಹುಡುಗ ಕೆಳಗಿನಿಂದಲೇ ನನ್ನ ಸೊಂಟಕ್ಕೆ ಕಾಲು ಸುತ್ತಿ ಉರುಳಿಸಿದ. ನಾನು ಕಲಿತ ಹಾಗೇ ಬೋರಲು ತಿರುಗಿದೆ. ಅವನಿಗೆ ಬೇಕಿದ್ದದ್ದೂ ಅದೇ. ಬೆನ್ನೇರಿ, ಎರಡೂ ಹಿಮ್ಮಡಿ ನನ್ನ ತೊಡೆಗಳ ಒಳಗೆ ಸಿಕ್ಕಿಸಿ, ಒಂದು ತೋಳನ್ನು ಗದ್ದದ ಕೆಳಗೆ ತೂರಿಸಿ, ಇನ್ನೊಂದು ಕೈ ನನ್ನ ತಲೆಯ ಹಿಂದೆ ಇಟ್ಟು ಅದುಮಿದ. ಉಸಿರು ಕಟ್ಟುತ್ತೆ ಎಂದುಕೊಂಡಿದ್ದೆ, ಆದರೆ ಅಲ್ಲಿ ಕಟ್ಟುವುದು ಕತ್ತಿನ ಎರಡು ಬದಿಯ ರಕ್ತ. ಕಿವಿಯಲ್ಲಿ ಗುಂಯ್ ಎಂದಿತು. ಸೋತೆ, ಬಿಡು ಎಂದು ಕೈ ತಟ್ಟಿದೆ.

ಸರ್ ಫೋನ್ ತೆಗೆದು ಹಳೇ ವಿಡಿಯೋ ತೋರಿಸಿದರು. 1993ರ ನವೆಂಬರ್ 12, ಅಮೆರಿಕದ ಡೆನ್ವರ್, ಯುಎಫ್‌ಸಿ ಎಂಬ ಎಂಎಂಎ ಪಂದ್ಯಾವಳಿಯ ಮೊದಲ ಆವೃತ್ತಿ. ತೂಕದ ವಿಭಾಗ ಇಲ್ಲ, ಪಾಯಿಂಟ್ ಕೊಡುವ ತೀರ್ಪುಗಾರರೂ ಇಲ್ಲ. ಬಾಕ್ಸರ್ ಆರ್ಟ್ ಜಿಮ್ಮರ್ಸನ್ ಒಂದೇ ಕೈಗೆ ಗ್ಲೌಸ್ ಹಾಕಿಕೊಂಡು ಬಂದಿದ್ದ! ಬ್ರೆಜಿಲ್‌ನ ರಾಯ್ಸ್ ಗ್ರೇಸಿ ನೋಡಲು ಸಣಕಲ. ಅವನು ಜಿಮ್ಮರ್ಸನ್‌ನನ್ನು ಕೆಳಗೆ ಹಾಕಿಕೊಂಡು ಕೈ ತಟ್ಟಿಸಿದ, ಒಂದೇ ರಾತ್ರಿ ಮೂವರನ್ನು ಸೋಲಿಸಿದ. ಫೈನಲ್‌ನಲ್ಲಿ ಹಾಕಿದ್ದು ನನಗೆ ಬಿದ್ದ ಪಟ್ಟನ್ನೇ. ಅವನ ವಿದ್ಯೆ ಬ್ರೆಜಿಲಿಯನ್ ಜಿಯು-ಜಿತ್ಸು, ನೆಲದ ಮೇಲಿನ ಹಿಡಿತಗಳದ್ದು. ಅದರ ಬೇರು ಜಪಾನಿನ ಜೂಡೋ. ಜಪಾನಿನ ಮಿತ್ಸುಯೊ ಮಯೆದಾ ಬ್ರೆಜಿಲ್‌ಗೆ ಹೋಗಿ ರಾಯ್ಸ್‌ನ ದೊಡ್ಡಪ್ಪ ಕಾರ್ಲೋಸ್ ಗ್ರೇಸಿಗೆ ಕಲಿಸಿದ್ದು.

ಮನೆಯಲ್ಲಿ ತೋರಿಸಿದರೆ ಅಪ್ಪನಿಗೆ ಹಿಡಿಸಲಿಲ್ಲ. "ಬಿದ್ದೋನಿಗೆ ಹೊಡೀತಾರಲ್ಲೋ, ಇದೂ ಒಂದು ಆಟನಾ?" ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಕೂಡ ಇದನ್ನು ಮನುಷ್ಯರ ಕೋಳಿ ಅಂಕ ಎಂದೇ ಬೈದಿದ್ದರು. ಆಮೇಲೆ, 2000ದ ಸುಮಾರಿಗೆ, ನ್ಯೂಜೆರ್ಸಿಯಲ್ಲಿ ಒಂದೇ ನಿಯಮಾವಳಿ ಬಂತು. ತಲೆಯಿಂದ ಗುದ್ದುವಂತಿಲ್ಲ, ತೂಕದ ವಿಭಾಗ ಇರಬೇಕು, ಐದೈದು ನಿಮಿಷದ ಸುತ್ತು. ಇದನ್ನೆಲ್ಲ ಅಪ್ಪನಿಗೆ ಹೇಳಿದೆ. "ಬಿದ್ದೋನಿಗೆ ಹೊಡೆಯೋದು ಮಾತ್ರ ಈಗಲೂ ಇದೆ, ಅಲ್ವಾ?" ಎಂದರು. ಅಲ್ಲಿ ನನ್ನ ಬಾಯಿ ಕಟ್ಟಿತು.

ಬೋರಲು ತಿರುಗುವ ಅಭ್ಯಾಸ ಬಿಡಲು ನಾನು ಮಾಡಿದ್ದು ಇಷ್ಟೇ: ದಿನಾ ಅಂಗಾತ ಮಲಗಿ, ಸಿಗಡಿ ಥರ ಮುದುಡಿ ಸೊಂಟ ಹಿಂದಕ್ಕೆ ಜಾರಿಸುತ್ತಾ ಹಾಲ್‌ನ ಆ ಗೋಡೆಯಿಂದ ಈ ಗೋಡೆಗೆ ಇಪ್ಪತ್ತು ಸುತ್ತು. ಮೊದಮೊದಲು ನಾಚಿಕೆ. ಗರಡಿಯ ದಂಡ, ಬಸ್ಕಿ ವ್ಯರ್ಥವಾಗಲಿಲ್ಲ. ನನ್ನ ಕತ್ತು, ಹಿಡಿತ ಎರಡೂ ಅಲ್ಲಿನ ಹುಡುಗರಿಗಿಂತ ಜಾಸ್ತಿ ಗಟ್ಟಿ.

ಹೋದ ವರ್ಷ ಊರ ಜಾತ್ರೆ ಕುಸ್ತಿಗೆ ಇಳಿದೆ. ಎದುರಾಳಿ ಬೀಳಿಸಿದ. ನಾನು ಆರಾಮಾಗಿ ಅಂಗಾತ ಮಲಗಿ ಅವನ ಸೊಂಟಕ್ಕೆ ಕಾಲು ಸುತ್ತಿದೆ. ಪೀಪಿ ಊದಿಯಾಗಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು. ಉಸ್ತಾದರು ಏನೂ ಅನ್ನಲಿಲ್ಲ, ಬೆನ್ನಿನ ಮಣ್ಣು ಒರೆಸಿಕೋ ಅಂತ ಟವೆಲ್ ಎಸೆದರು.